ಕಚಗುಳಿ ಇಡುವ ಪೆಟ್ಟಿಗೆ

ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ ಎಂದು ಅವನು ತಾಯಿಗೆ ಮಾತು ಕೊಟ್ಟಾಗ ಇನ್ನೂ ಶಾಲೆಗೆ ಹೋಗುತ್ತಿದ್ದ. ಅಪ್ಪ ಸತ್ತ ವಾರ ಅದು.

ಅಪ್ಪನ ಕೆಲಸ ದೊಡ್ಡ ಲಾಂಡ್ರಿಯೊಂದರಲ್ಲಿ, ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುವ ಯಂತ್ರದ ಮುಂದೆ. ಆ ಯಂತ್ರದ ಹಿಡಿ ಮುಟ್ಟಿದರೆ ಬೆರಳ ತುದಿಯಲ್ಲಿ ಇರುವೆ ಹರಿದಂತಾಗುತ್ತಿತ್ತು. ಕೆಲಸದವರು ಅದಕ್ಕೆ ಕಚಗುಳಿ ಎಂದು ಹೆಸರಿಟ್ಟಿದ್ದರು. ಹೊಸಬರು ಬಂದರೆ ಮೊದಲು ಅದನ್ನೇ ಮುಟ್ಟಿಸಿ ತಮಾಷೆ ನೋಡುತ್ತಿದ್ದರು. ಫ್ಯೂಸ್ ಪದೇ ಪದೇ ಸುಡುತ್ತದೆಯೆಂದು ರಿಪೇರಿಯವನು ಯಂತ್ರದ ಹಸಿರು ತಂತಿಯನ್ನು, ಅಂದರೆ ದಾರಿ ತಪ್ಪಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತ್ ತಂತಿಯನ್ನು, ಕತ್ತರಿಸಿ ಹಾಕಿದ್ದ. ಅದೂ ಎಲ್ಲರಿಗೂ ಗೊತ್ತಿತ್ತು. ಒಂದು ದಿನ ನೆಲ ಒದ್ದೆಯಾಗಿತ್ತು.

ಮಾತನಾಡಿಸಿಕೊಂಡು ಹೋಗಲು ಬಂದ ಲಾಂಡ್ರಿಯ ಜೊತೆಗಾರನೊಬ್ಬ ಚಹಾ ಕುಡಿದು ಲೋಟ ಕೆಳಗಿಟ್ಟು, "ನಮಗೆಲ್ಲ ಗೊತ್ತಿತ್ತು ಕಣಮ್ಮಾ," ಎಂದ. ಸಮಾಧಾನ ಹೇಳುವವನ ದನಿಯಲ್ಲೇ ಅಂದ.

ಅವನು ಹೋದ ಮೇಲೆ ಅಮ್ಮ ಮಗನನ್ನು ಹತ್ತಿರ ಕರೆದು ಕಿವಿಯ ಹಾಲೆ ಹಿಡಿದುಕೊಂಡಳು. ಹಿಂಡಲಿಲ್ಲ, ಬರೀ ಹಿಡಿದುಕೊಂಡಳು.

"ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂರಲ್ಲ ಅಂತ ಹೇಳು."

"ಕೂರಲ್ಲಮ್ಮ."

"ಯಾರಿಗೆ ಗೊತ್ತಿಲ್ವೋ ಅವರಿಗೆ ಹೇಳ್ತೀನಿ ಅನ್ನು."

"ಹೇಳ್ತೀನಿ."

ಅಮ್ಮ ಕಿವಿ ಬಿಟ್ಟಳು. ಬಹಳ ವರ್ಷ ಆ ಮಾತನ್ನು ಎತ್ತಲಿಲ್ಲ. ಎತ್ತುವ ಸಂದರ್ಭ ಬರಲಿಲ್ಲ.

ಹುಡುಗ ಬೆಳೆದು ಮುದ್ರಕನಾದ. ಬಣ್ಣದ ಕ್ಯಾಟಲಾಗು, ಔಷಧಿ ಡಬ್ಬಿ, ಮಕ್ಕಳ ಪಠ್ಯಪುಸ್ತಕ ಎಲ್ಲ ಅವನ ಯಂತ್ರದ ಬಾಯಿಂದ ಬರುತ್ತಿದ್ದವು. ಆ ಯಂತ್ರ ಓಡತೊಡಗಿದರೆ ಪಕ್ಕದಲ್ಲಿ ನಿಂತವನ ಮಾತು ಕೇಳಬೇಕಾದರೆ ಅವನ ತುಟಿ ನೋಡಬೇಕು. ಮನೆಗೆ ಬಂದ ಮೇಲೂ ಬಹಳ ಹೊತ್ತು ತಲೆಯೊಳಗೆ ಹಾಳೆಗಳು ಓಡುತ್ತಲೇ ಇರುತ್ತಿದ್ದವು. ಮನೆಯಲ್ಲಿ ಹೆಂಡತಿ, ಅಮ್ಮ, ಎಲ್ಲರೂ ಗುಬ್ಬಿ ಎಂದೇ ಕರೆಯುವ ಮಗಳು. ಹೆಂಡತಿಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತೇ ಮಾಡುವ ಕೆಲಸ. ಇಬ್ಬರೂ ಮನೆ ಸೇರುವ ಹೊತ್ತಿಗೆ ಒಬ್ಬರಿಗೆ ಕಾಲು ನೋವು, ಇನ್ನೊಬ್ಬರಿಗೆ ಕಿವಿ ನೋವು. "ನಮ್ಮಿಬ್ಬರನ್ನ ಕೂಡಿಸಿದ್ರೆ ಒಬ್ಬ ಮನುಷ್ಯ ಸರಿಯಾಗಿ ಸಿಗ್ತಾನೆ," ಎಂದು ಅವಳು ನಗುತ್ತಿದ್ದಳು.

ಹಾಡಿನ ಪೆಟ್ಟಿಗೆಗಳ ಅಂಗಡಿಯೊಂದು ಅವನ ಜೀವನದೊಳಗೆ ಬಂದದ್ದು ಒಂದು ಬಣ್ಣದ ಜಗಳದಿಂದ. ದುಬಾರಿ ಸ್ಪೀಕರು, ಆಂಪ್ಲಿಫೈಯರುಗಳನ್ನು ಮಾರುವವನೊಬ್ಬ ಕ್ಯಾಟಲಾಗು ಮಾಡಿಸಲು ಕೊಟ್ಟಿದ್ದ. ಮುಖಪುಟದಲ್ಲಿ ಹಳೆಯ ಕಾಲದ ವಾಲ್ವುಗಳು, ಗಾಜಿನ ಬುರುಡೆಯೊಳಗೆ ಹೊಳೆಯುವ ತಂತಿ. ಮಾದರಿ ಹಾಳೆ ಹೋದಷ್ಟು ಸಲವೂ ತಿರುಗಿ ಬಂತು. ಕೊನೆಗೆ ಪ್ರೆಸ್ಸಿನ ಮಾಲೀಕ ಮುದ್ರಕನನ್ನೇ ಹಾಳೆಯ ಜೊತೆ ಕಳಿಸಿಕೊಟ್ಟ.

ಅಂಗಡಿಯ ಬಾಗಿಲು ಭಾರವಾಗಿತ್ತು. ಒಳಗೆ ಕಾಲಿಟ್ಟೊಡನೆ ಬೀದಿಯ ಸದ್ದು ಯಾರೋ ಕತ್ತರಿಯಿಂದ ಕತ್ತರಿಸಿದಂತೆ ನಿಂತಿತು. ದಪ್ಪ ಜಮಖಾನೆ ಹೆಜ್ಜೆಯ ಸದ್ದನ್ನೂ ನುಂಗಿತು. ಗೋಡೆಗೆಲ್ಲ ಬಟ್ಟೆ ಹೊದಿಸಿದ ಹಲಗೆಗಳು. ಕಿಟಕಿಯಿಲ್ಲ, ಗಡಿಯಾರವಿಲ್ಲ. ಕೋಣೆಯ ಮಧ್ಯೆ ಒಂದೇ ಒಂದು ಕುರ್ಚಿ.

ಅಂಗಡಿಯವನು ಕಡುಬಣ್ಣದ ಕೋಟು ತೊಟ್ಟ, ಮೆತ್ತಗಿನ ಕೈಗಳ ಮನುಷ್ಯ. ಅವನು ದನಿಯೆತ್ತಿ ಮಾತನಾಡಿದ್ದನ್ನು ಮುದ್ರಕ ಮುಂದೆಯೂ ಎಂದೂ ಕೇಳಲಿಲ್ಲ. ಕೇಳುವವನೇ ಅವನ ಬಾಯಿಯ ಹತ್ತಿರಕ್ಕೆ ಬಾಗಬೇಕು.

"ನೀವು ಹಾಕಿರೋದು ಹಣ್ಣಿನ ಬಣ್ಣ ಸರ್," ಎಂದು ಪಿಸುಗುಟ್ಟಿದ. "ನನಗೆ ಕೆಂಡದ ಬಣ್ಣ ಬೇಕು. ಊದಿದರೆ ಇನ್ನಷ್ಟು ಕೆಂಪಾಗಬೇಕು ಅನ್ನಿಸೋ ಹಾಗೆ. ಕೂತ್ಕೊಳ್ಳಿ, ತೋರಿಸ್ತೀನಿ."

ಮುದ್ರಕ ಕುರ್ಚಿಯಲ್ಲಿ ಕುಳಿತ. ಎದುರಿನ ಪೆಟ್ಟಿಗೆಯ ಮೇಲೆ ವಾಲ್ವುಗಳು ಮೆಲ್ಲಗೆ ಕೆಂಪಾದವು. ತಂತಿವಾದ್ಯವೊಂದರ ಮೊದಲ ಸ್ವರ ಹೊಮ್ಮಿತು. ಆದರೆ ಅವನನ್ನು ಹಿಡಿದದ್ದು ಸ್ವರವಲ್ಲ. ಅದಕ್ಕೂ ಮುಂಚೆ ಒಂದು ನಿಶ್ಶಬ್ದವಿತ್ತು. ಅದರಲ್ಲಿ ಅವನ ತಲೆಯೊಳಗಿನ ಯಂತ್ರ ನಿಂತಿತು. ವರ್ಷಗಳಿಂದ ಓಡುತ್ತಿದ್ದ ಹಾಳೆಗಳು ನಿಂತವು. ಕಣ್ಣಲ್ಲಿ ನೀರು ಬಂದದ್ದು ನೋಡಿ ಅಂಗಡಿಯವನು ಮುಖ ಆಚೆ ತಿರುಗಿಸಿಕೊಂಡ. ಅವನಿಗೆ ಇದು ಅಭ್ಯಾಸವಿತ್ತು.

ಕೆಂಡದ ಬಣ್ಣ ಮರುದಿನವೇ ಸರಿಹೋಯಿತು. ಅಂಥದ್ದೊಂದು ಪೆಟ್ಟಿಗೆ ಕೊಳ್ಳಬೇಕೆಂದು ಅಂದಿನಿಂದ ಮುದ್ರಕ ಓವರ್‌ಟೈಮ್ ಕೇಳಿ ಕೇಳಿ ಮಾಡತೊಡಗಿದ.

ಮುಂಗಡ ಕೊಡುವ ದಿನ ಹೆಂಡತಿಯನ್ನೂ ಕರೆದುಕೊಂಡು ಹೋದ. ಅವಳು ಕುರ್ಚಿಯನ್ನು ನೋಡಿದಳು, ಸುತ್ತಲೂ ನೋಡಿದಳು.

"ಇನ್ನೊಂದು ಕುರ್ಚಿ ಇಲ್ವಾ?"

"ಶಬ್ದ ಸರಿಯಾಗಿ ಸೇರೋ ಜಾಗ ಒಂದೇ ಮೇಡಂ," ಅಂಗಡಿಯವನು ಪಿಸುಗುಟ್ಟಿದ.

"ಸರಿ ಹೋಯ್ತು. ಹೆಂಡತಿಗೆ ಜಾಗ ಇಲ್ಲದ ವ್ಯವಹಾರ ಇದು," ಎಂದು ಅವಳು ಗಂಡನ ಕಿವಿಯಲ್ಲಿ ಹೇಳಿದಳು. ತಾನೂ ಪಿಸುಗುಟ್ಟುತ್ತಿದ್ದೇನೆ ಎಂದು ಆಮೇಲೆ ಅವಳಿಗೆ ಹೊಳೆಯಿತು. ಅಂದಿನಿಂದ ಅಂಗಡಿಯವನಿಗೆ ಪಿಸುಗ ಎಂದು ಹೆಸರಿಟ್ಟಳು.

ಅವರ ಕೈಗೆ ಎಟುಕುವಂಥದ್ದು ಒಂದೇ ಇತ್ತು. ಹಿಂದಿನ ಕೋಣೆಯಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದ ಹಳೆಯ ಆಂಪ್ಲಿಫೈಯರು. ಕಪ್ಪು ಲೋಹದ ಮೈ, ವಾಲ್ವುಗಳ ಮೇಲೆ ಮಕ್ಕಳು ಕೈ ಹಾಕದಂತೆ ಲೋಹದ ಪಂಜರ. ಒಬ್ಬರೇ ಉಪಯೋಗಿಸಿದ್ದು, ತುಂಬಾ ಜೋಪಾನವಾಗಿ ಇಟ್ಟಿದ್ದರು ಎಂದ ಪಿಸುಗ.

"ಅಷ್ಟು ಜೋಪಾನ ಮಾಡ್ದೋರು ಮತ್ತೆ ಯಾಕೆ ಬಿಟ್ರು?" ಎಂದಳು ಹೆಂಡತಿ.

ಅವನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟ.

"ಅವರು ಈಗ ಹಾಡು ಕೇಳೋದಿಲ್ಲ ಮೇಡಂ."

ಯಾಕೆ ಎಂದು ಕೇಳಲು ಆ ಕೋಣೆಯಲ್ಲಿ ದನಿ ಏಳಲಿಲ್ಲ.

ಒಂದು ಜೋಡಿ ಹಳೆಯ ಸ್ಪೀಕರಿನ ಜೊತೆ ಪೆಟ್ಟಿಗೆ ಮನೆಗೆ ಬಂತು. ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಷ್ಟರಲ್ಲಿ ಮುದ್ರಕನ ಬೆನ್ನು ಹಿಡಿದುಕೊಂಡಿತು. ಮುಂದಿನ ಕೋಣೆಯಲ್ಲಿ ಅಮ್ಮ ಕೂರುವ ಮಂಚದ ಎದುರಿಗೆ, ಗಿಡ್ಡ ಮೇಜಿನ ಮೇಲೆ ಅದಕ್ಕೆ ಜಾಗ. "ಇದೇನೋ, ಒಲೆ ತಂದ ಹಾಗಿದೆ," ಎಂದಳು ಅಮ್ಮ. ವಾಲ್ವುಗಳು ಕೆಂಪಾದವು. ಗುಬ್ಬಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬಾಯಿ ತೆರೆದು ನೋಡಿದಳು. ಮುದ್ರಕ ಕಣ್ಣು ಮುಚ್ಚಿದ.

ಗುಂಯ್.

ಹಾಡಿನ ಕೆಳಗೆ, ಹಾಡಿಗೂ ಮುಂಚೆ, ಹಾಡು ಮುಗಿದ ಮೇಲೆ, ಗುಂಯ್. ಗೋಡೆಯೊಳಗೆ ಎಲ್ಲೋ ದೊಡ್ಡ ದುಂಬಿಯೊಂದು ಸಿಕ್ಕಿಕೊಂಡ ಹಾಗೆ.

"ನನಗೇನೋ ಚೆನ್ನಾಗೇ ಕೇಳಿಸ್ತಿದೆ," ಎಂದಳು ಹೆಂಡತಿ, ಗಂಡನ ಮುಖ ನೋಡಿ.

ಅವನಿಗೆ ಅದೊಂದೇ ಕೇಳಿಸುತ್ತಿತ್ತು. ಮರುದಿನ ಅಂಗಡಿಗೆ ಹೋದ. ವಾಲ್ವು ಮನೆಗೆ ಹೊಂದಿಕೊಳ್ಳಬೇಕು ಸರ್, ಕಾಯಿರಿ ಎಂದ ಪಿಸುಗ. ಕಾದ. ಮತ್ತೆ ಹೋದ. ನಿಮ್ಮ ಬೀದಿಯ ಕರೆಂಟೇ ಕೊಳಕು ಸರ್, ನಮ್ಮಲ್ಲಿ ಅದನ್ನು ಸೋಸುವ ಪೆಟ್ಟಿಗೆಯಿದೆ ಎಂದ. ಅದೂ ಬಂತು. ಗುಂಯ್ ಹೋಗಲಿಲ್ಲ. ಸ್ಪೀಕರನ್ನು ಗೋಡೆಯಿಂದ ದೂರ ಇಡಿ, ಹತ್ತಿರ ಇಡಿ, ಕೆಳಗೆ ಮರದ ತುಂಡು ಕೊಡಿ. ಪ್ರತಿ ಸಲವೂ ಒಂದು ಹೊಗಳಿಕೆ ಜೊತೆಗಿರುತ್ತಿತ್ತು. "ಬೇರೆಯವರಿಗೆ ಇದು ಕೇಳಿಸೋದೇ ಇಲ್ಲ. ತಮ್ಮ ಕಿವಿ ಅಂಥದ್ದು." ಹೊಗಳಿಸಿಕೊಂಡು ಬರಿಗೈಲಿ ಹೊರಗೆ ಬಂದಾಗ ಮುದ್ರಕನಿಗೆ ತಾನು ಬೈಯಲು ಹೋಗಿದ್ದೆ ಎಂಬುದೇ ಮರೆತುಹೋಗಿರುತ್ತಿತ್ತು.

"ನಾನೇ ಬರ್ತೀನಿ ಕರ್ಕೊಂಡು ಹೋಗ್ರೀ," ಎಂದಳು ಹೆಂಡತಿ. "ಅವನು ಪಿಸುಪಿಸು ಅಂದ್ರೆ ನಾನು ಬೀದಿಗೆಲ್ಲ ಕೇಳೋ ಹಾಗೆ ಕೇಳ್ತೀನಿ."

ಅಷ್ಟರಲ್ಲಿ ಪಿಸುಗ ತಾನೇ ಮನೆಗೆ ಬಂದ. ಭಾನುವಾರ, ಮಧ್ಯಾಹ್ನದ ಹೊತ್ತು. ಕೈಯಲ್ಲಿ ವೈದ್ಯರು ಹಿಡಿಯುವಂಥ ಚರ್ಮದ ಚೀಲ. ಬಾಗಿಲಲ್ಲೇ ಬೂಟು ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಬಂದ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗುಂಯ್ ಅನ್ನುವುದನ್ನು ತಲೆ ವಾಲಿಸಿ ಕೇಳಿದ. ಆಮೇಲೆ ಮಂಚದ ಮೇಲಿದ್ದ ಅಮ್ಮನಿಗೆ ನಮಸ್ಕರಿಸಿ, "ಸ್ವಲ್ಪ ಹೊತ್ತು ಒಳಗಡೆ ಇರ್ತೀರಾ ಅಮ್ಮ? ಕೋಣೆ ಖಾಲಿ ಇದ್ದರೆ ಅಳತೆ ಸರಿಯಾಗಿ ಸಿಗುತ್ತೆ," ಎಂದ. ಎಲ್ಲರೂ ಅಡುಗೆಮನೆಗೆ ಹೋಗಿ ನಿಂತರು, ಸ್ವಂತ ಮನೆಯಲ್ಲಿ ನೆಂಟರಂತೆ.

ಮತ್ತೆ ಕರೆದಾಗ ಪೆಟ್ಟಿಗೆಯ ಹಿಂದಿನಿಂದ ಹೊಸ ತಂತಿಯೊಂದು ಗೋಡೆಗೆ ಹೋಗಿತ್ತು. ಬೆರಳು ದಪ್ಪ, ಜಡೆಯಂತೆ ಹೆಣೆದ ಕಪ್ಪು ಹೊದಿಕೆ. ತುದಿಯಲ್ಲಿ ಭಾರವಾದ ಪ್ಲಗ್ಗು, ಥಳಥಳಿಸುವ ಮೂರು ಪಿನ್ನು. ಹಳೆಯ ತಂತಿಯನ್ನು ಅವನು ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

"ಇದು ನನ್ನ ಕಡೆಯಿಂದ. ಕೇಳಿ."

ಕೇಳಲು ಏನೂ ಇರಲಿಲ್ಲ. ಗುಂಯ್ ನಿಂತಿತ್ತು. ನಿಂತದ್ದಷ್ಟೇ ಅಲ್ಲ, ಎಂದೂ ಇರಲೇ ಇಲ್ಲವೆಂಬಂತೆ. ಮುದ್ರಕ ಗೋಡೆಗೆ ಒರಗಿ ಕುಳಿತುಬಿಟ್ಟ. ಅಮ್ಮ ಮಾತ್ರ ಪ್ಲಗ್ಗಿನ ಕಡೆ ನೋಡುತ್ತಿದ್ದಳು. ಯಾವ ಹೊಸ ಸಾಮಾನು ಬಂದರೂ ಅವಳು ಮೊದಲು ನೋಡುವುದು ಅದನ್ನೇ.

"ಮೂರೂ ಇದೆಯಾ?" ಎಂದಳು.

"ಮೂರೂ ಇದೆ ಅಮ್ಮ. ನೋಡಿ," ಎಂದ ಪಿಸುಗ. ಪ್ಲಗ್ಗನ್ನು ಗೋಡೆಯಿಂದ ಕಳಚಿ ಅವಳ ಕಣ್ಣಿನ ಮುಂದೆ ಹಿಡಿದು ತೋರಿಸಿದ.

ಆಮೇಲೆ ಮನೆಯಲ್ಲಿ ಒಳ್ಳೆಯ ದಿನಗಳು ಬಂದವು. ಸಂಜೆ ಮುದ್ರಕ ಬಂದು ಕೈಕಾಲು ತೊಳೆದು ವಾಲ್ವು ಹಚ್ಚುತ್ತಿದ್ದ. ಹೆಂಡತಿ ಕಾಲು ಚಾಚಿ ಕುಳಿತು ತರಕಾರಿ ಬಿಡಿಸುತ್ತಿದ್ದಳು. ಅವನ ಸಿಡುಕು ಕಡಿಮೆಯಾಗಿತ್ತು. ಗುಬ್ಬಿಗೆ ಲೆಕ್ಕ ಹೇಳಿಕೊಡುವಾಗ ತಲೆಗೆ ಮೊಟಕುವುದೂ ನಿಂತಿತ್ತು. "ಪಿಸುಗನ ಪೆಟ್ಟಿಗೆಗೆ ಒಂದು ನಮಸ್ಕಾರ," ಎಂದು ಹೆಂಡತಿ ಒಪ್ಪಿಕೊಂಡಳು. ಅಂಗಡಿಯವನು ತಿಂಗಳಿಗೊಮ್ಮೆ ಗ್ರಾಹಕರನ್ನು ಸೇರಿಸುತ್ತಿದ್ದ ಕೂಟಕ್ಕೆ ಮುದ್ರಕನನ್ನೂ ಕರೆದ. ಅಲ್ಲಿ ವಕೀಲರು, ಎಂಜಿನಿಯರುಗಳ ನಡುವೆ ಶಾಯಿಯ ಕಲೆಯ ಉಗುರುಗಳನ್ನು ಮಡಚಿಕೊಂಡು ನಿಂತಿದ್ದವನನ್ನು ಹಲ್ಲಿನ ಡಾಕ್ಟರೊಬ್ಬರು ತಾವಾಗಿ ಮಾತನಾಡಿಸಿದರು. ಅವರ ಆಸ್ಪತ್ರೆ ಬಸ್ಸಿನ ದಾರಿಯಲ್ಲೇ ಇತ್ತು. ಬೋರ್ಡಿನ ಮೇಲೆ ದೊಡ್ಡ ಬಿಳಿ ಹಲ್ಲು. ಅವರಿಗಿನ್ನೂ ವಾಲ್ವು ಕೊಳ್ಳುವ ಧೈರ್ಯ ಬಂದಿರಲಿಲ್ಲ.

"ಮೊಮ್ಮಗಳು ಈಗ ತೆವಳ್ತಾಳೆ ನೋಡಿ," ಎಂದು ನಕ್ಕರು. "ಫ್ರಿಜ್ಜಿನ ಕೆಂಪು ದೀಪ ಕಂಡ್ರೂ ಬಿಡಲ್ಲ, ಹೋಗಿ ಮುಟ್ಟಲೇಬೇಕು. ನನ್ನ ಹೆಂಡತಿ ಹೆದರ್ತಾಳೆ."

"ಪಂಜರ ಇರುತ್ತೆ ಸರ್," ಎಂದ ಮುದ್ರಕ. "ನಮ್ಮನೇಲೂ ಮಗು ಇದೆ. ಏನೂ ಆಗಲ್ಲ."

ಅವನು ಅದನ್ನು ನಂಬಿಯೇ ಹೇಳಿದ್ದ.

ಒಂದು ಸಂಜೆ ಗುಬ್ಬಿ ಬಣ್ಣ ಬಳಿದ ಕೈ ತೊಳೆದುಕೊಂಡು, ಒರೆಸದೆ ಓಡಿ ಬಂದಳು. ಪೆಟ್ಟಿಗೆಯ ಹತ್ತಿರ ನಿಂತು ಕಿಲಕಿಲ ನಕ್ಕಳು. ಕೈ ಹಿಂದೆ ತೆಗೆದಳು, ಮತ್ತೆ ಮುಂದೆ ಚಾಚಿದಳು.

"ಅಪ್ಪಾ, ಪೆಟ್ಟಿಗೆ ಕಚಗುಳಿ ಇಡುತ್ತೆ!"

ಮಂಚದ ಮೇಲೆ ಅಮ್ಮ ಬಟಾಣಿ ಸುಲಿಯುತ್ತಿದ್ದಳು. ತಟ್ಟೆ ಮಡಿಲಿಂದ ಜಾರಿ ಕಾಳುಗಳು ನೆಲದ ತುಂಬ ಉರುಳಿದವು. ಅವಳು ಬಗ್ಗಿ ಆರಿಸಲಿಲ್ಲ.

"ಕಂದಾ, ಈ ಕಡೆ ಬಾ," ಎಂದಳು. ದನಿ ಬಹಳ ಮೆತ್ತಗಿತ್ತು. "ಅದನ್ನ ಮುಟ್ಟಬೇಡ. ನನ್ನ ಹತ್ರ ಬಾ. ಓಡಬೇಡ, ನಿಧಾನಕ್ಕೆ ಬಾ."

ಗುಬ್ಬಿ ಕಾಳು ತುಳಿಯುತ್ತ ಹೋಗಿ ಅಜ್ಜಿಯ ಮಡಿಲು ಸೇರಿದಳು. ಮುದ್ರಕ ಎದ್ದ. ಬೆರಳುಗಳ ಹಿಂಭಾಗವನ್ನು ಪಂಜರಕ್ಕೆ ಮೆಲ್ಲಗೆ ತಾಗಿಸಿದ. ಇರುವೆ ಹರಿಯಿತು.

ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ. ಸ್ಕ್ರೂಡ್ರೈವರ್ ತಂದು ಅದರ ಹೊಟ್ಟೆ ಬಿಚ್ಚಿದ. ಒಳಗೆ ಎರಡು ತಂತಿಗಳು ತಮ್ಮ ತಮ್ಮ ಪಿನ್ನಿಗೆ ಬಿಗಿದುಕೊಂಡಿದ್ದವು. ಹಸಿರು ತಂತಿ ಪಿನ್ನಿನವರೆಗೂ ಬಂದೇ ಇರಲಿಲ್ಲ. ಅರ್ಧದಲ್ಲೇ ಕತ್ತರಿಸಿ, ತುದಿಗೆ ಕಪ್ಪು ರಬ್ಬರಿನ ಪುಟ್ಟ ಟೋಪಿ ತೊಡಿಸಿತ್ತು. ಮೂರನೆಯ ಪಿನ್ನು ಹೊರಗೆ ಥಳಥಳ ಹೊಳೆಯುತ್ತಿತ್ತು, ಒಳಗೆ ಅದಕ್ಕೆ ಏನೂ ಅಂಟಿರಲಿಲ್ಲ. ಅವಸರದಲ್ಲಿ ಮಾಡಿದ ಕೆಲಸವಲ್ಲ. ಟೋಪಿ ಅಷ್ಟು ಅಚ್ಚುಕಟ್ಟಾಗಿತ್ತು. ಬಹಳ ಸಲ ಮಾಡಿ ಕೈ ಪಳಗಿದವನ ಕೆಲಸ.

"ಏನ್ರೀ ಅದು?" ಎಂದು ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು.

"ಪೆಟ್ಟಿಗೆಯೊಳಗೆ ಎಲ್ಲೋ ಕರೆಂಟು ಸೋರ್ತಿದೆ ಕಣೇ," ಎಂದ ಅವನು. ತನ್ನ ದನಿ ತನಗೇ ದೂರದಲ್ಲಿ ಕೇಳಿಸಿತು. "ಸೋರಿದ್ದು ಹಸಿರು ತಂತೀಲಿ ನೆಲಕ್ಕೆ ಹೋಗ್ತಿತ್ತು. ಹೋಗುವಾಗ ಗುಂಯ್ ಅಂತಿತ್ತು. ಅವನು ಸೋರೋದನ್ನ ನಿಲ್ಲಿಸಿಲ್ಲ. ಹೋಗೋ ದಾರಿ ಕತ್ತರಿಸಿದ್ದಾನೆ."

"ಈಗ?"

"ಈಗ ಪಂಜರದಲ್ಲೇ ನಿಂತಿದೆ. ಸದ್ಯಕ್ಕೆ ಕಚಗುಳಿ. ಒಳಗಿನ ತಂತಿಯ ಹೊದಿಕೆ ಪೂರ್ತಿ ಬಿಟ್ಟ ದಿನ..."

ಹೆಂಡತಿ ಗುಬ್ಬಿಯ ಒದ್ದೆ ಕೈಗಳನ್ನು ಸೆರಗಿನಲ್ಲಿ ಒರೆಸತೊಡಗಿದಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

"ಹಿಂದಿನೋರು ಹಾಡು ಕೇಳೋದಿಲ್ಲ ಅಂದ್ನಲ್ಲ," ಎಂದಳು.

ಅಮ್ಮ ಮಗನನ್ನೇ ನೋಡುತ್ತಿದ್ದಳು.

"ಬೆಳಗ್ಗೆ ಎದ್ದು ಹೋಗು," ಎಂದಳು. "ಅವನಿಗೆ ಹೇಳೋಕಲ್ಲ. ಅವನಿಗೆ ಗೊತ್ತು. ಗೊತ್ತಿಲ್ಲದೋರು ಇದ್ದಾರಲ್ಲ, ಆ ಅಂಗಡಿಗೆ ಬರೋರು, ಅವರಿಗೆ ಹೇಳು. ನೆನಪಿದೆ ತಾನೆ?"

"ನೆನಪಿದೆ ಅಮ್ಮ."

ಮರುದಿನ ರಜೆ ಹಾಕಿ, ಪೆಟ್ಟಿಗೆಯನ್ನು ಬಾಡಿಗೆ ಗಾಡಿಯಲ್ಲಿ ಹೊತ್ತುಕೊಂಡು ಹೋದ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡ. ಕೂಗಬೇಕು. ಆ ಬಟ್ಟೆ ಹೊದಿಸಿದ ಗೋಡೆಗಳು ಒಮ್ಮೆಯಾದರೂ ಗಟ್ಟಿ ದನಿ ಕೇಳಬೇಕು.

ಭಾರವಾದ ಬಾಗಿಲು ಹಿಂದೆ ಮುಚ್ಚಿಕೊಂಡಿತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮುದ್ರಕ ಕಪ್ಪು ತಂತಿಯನ್ನು ಗಾಜಿನ ಮೇಜಿನ ಮೇಲೆ ಹಾಕಿ, ಬಿಚ್ಚಿದ ಪ್ಲಗ್ಗನ್ನು ಮೇಲ್ಮುಖ ಮಾಡಿ ಇಟ್ಟ.

"ನನ್ನ ಮಗಳು ಒದ್ದೆ ಕೈಲಿ ಮುಟ್ಟಿದ್ಲು," ಎಂದ. ಕೂಗಬೇಕೆಂದಿದ್ದ ಮಾತು ಪಿಸುಮಾತಾಗಿ ಹೊರಬಂತು.

ಪಿಸುಗ ಪ್ಲಗ್ಗನ್ನು ನೋಡಿದ. ಸುಳ್ಳು ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ತಮಗೆ ಗುಂಯ್ ಬೇಡವಾಗಿತ್ತು."

"ಹೀಗೆ ಮಾಡಿ ಅಂದಿದ್ನಾ?"

"ಹೇಗೆ ಮಾಡ್ತೀರಿ ಅಂತ ತಾವು ಕೇಳಲಿಲ್ಲ ಸರ್. ಯಾರೂ ಕೇಳೋದಿಲ್ಲ. ಎಲ್ಲರೂ ಅಡುಗೆಮನೇಲಿ ನಿಂತಿರ್ತಾರೆ." ಅವನು ಪುಟ್ಟ ಸ್ಕ್ರೂಡ್ರೈವರ್ ತೆಗೆದು, ಮಾತಾಡುತ್ತಲೇ ಪ್ಲಗ್ಗನ್ನು ಮತ್ತೆ ಮುಚ್ಚತೊಡಗಿದ. "ಮಗು ಹೇಗಿದಾಳೆ?"

"ಚೆನ್ನಾಗಿದಾಳೆ."

"ಅದೇ ದೊಡ್ಡದು. ಬನ್ನಿ, ಕೂತ್ಕೊಳ್ಳಿ."

"ನಾನು ಕೂರೋಕೆ ಬಂದಿಲ್ಲ. ಇದನ್ನ ವಾಪಸ್ ತಗೊಳ್ಳಿ."

"ಮಾರಿದ್ದು ವಾಪಸ್ ಇಲ್ಲ ಅಂತ ಬೋರ್ಡ್ ಇದೆ. ತಮ್ಮ ಯಂತ್ರದಲ್ಲೇ ಅಚ್ಚಾಗಿದ್ದು." ಅವನು ನಗಲಿಲ್ಲ. "ಆದರೆ ತಮ್ಮಂಥ ಕಿವಿ ನನಗೆ ಬೇಕು. ಒಳಗೆ ಹೊಸದೊಂದು ಬಂದಿದೆ. ಡಬ್ಬದಿಂದ ಈಗಷ್ಟೇ ತೆಗೆದಿದ್ದು. ಹಸಿರು ತಂತಿ ಸಮೇತ ನಿಶ್ಶಬ್ದ. ತಾವೇ ಬಿಚ್ಚಿ ನೋಡಿ. ಅದಕ್ಕೆ ಇದನ್ನ ಬದಲಾಯಿಸಿಕೊಡ್ತೀನಿ."

ಮುದ್ರಕ ಬಿಚ್ಚಿ ನೋಡಿದ. ಮೂರು ತಂತಿಗಳೂ ತಮ್ಮ ಪಿನ್ನಿಗೆ ಬಿಗಿದಿದ್ದವು. ಆಮೇಲೆ ಹೇಗೋ ಕುರ್ಚಿಯಲ್ಲಿ ಕುಳಿತಿದ್ದ. ವಾಲ್ವುಗಳು ಕೆಂಪಾದವು. ಮೊದಲ ಸ್ವರಕ್ಕೆ ಮುಂಚಿನ ಆ ನಿಶ್ಶಬ್ದ ಬಂತು. ತನ್ನ ಮನೆಯಲ್ಲಿ ಅವನು ಕೇಳಿದ್ದು ಇದರ ನೆರಳು ಮಾತ್ರ. ಆಳವಾದ ಬಾವಿಗೆ ಬಿಟ್ಟ ಬಿಂದಿಗೆಯಂತೆ ಅವನು ಅದರೊಳಗೆ ಇಳಿದ.

"ಒಂದೇ ವಿನಂತಿ," ಪಿಸುಗನ ಬಾಯಿ ಅವನ ಕಿವಿಯ ಹತ್ತಿರವಿತ್ತು. "ಈ ಅಂಗಡಿಯಲ್ಲಿ ನಾವು ಜೋರಾಗಿ ಮಾತಾಡೋದಿಲ್ಲ. ಹೊರಗೆ ಹೋದ ಮೇಲೂ."

ಬಾಗಿಲು ತೆರೆಯಿತು. ಒಂದು ಕ್ಷಣ ಬೀದಿಯ ಗದ್ದಲ ಒಳಗೆ ನುಗ್ಗಿ, ಮತ್ತೆ ಕತ್ತರಿಸಿಹೋಯಿತು. ಬಂದವರು ಹಲ್ಲಿನ ಡಾಕ್ಟರು.

"ಅರೆ, ಮುದ್ರಕರು!" ಎಂದು ಕೈ ಕುಲುಕಿದರು. "ನನ್ನ ಹೆಂಡತಿ ಅಂತೂ ಒಪ್ಪಿದಳು. ಪಂಜರ ಇರೋದೇ ಬೇಕಂತೆ." ಮೇಜಿನ ಪಕ್ಕ ನೆಲದ ಮೇಲಿದ್ದ ಪೆಟ್ಟಿಗೆ ಕಣ್ಣಿಗೆ ಬಿತ್ತು. "ಇದೇನಾ ನಿಮ್ಮದು?"

"ಬದಲಾಯಿಸಿಕೊಳ್ತಿದ್ದಾರೆ," ಎಂದ ಪಿಸುಗ. ಮೇಜಿನ ಮೇಲಿನ ಕಪ್ಪು ತಂತಿಯನ್ನು ಎತ್ತಿ ಮೃದುವಾದ ಬಟ್ಟೆಯಿಂದ ಒರೆಸಿದ. ಒಂದು ತುದಿಯನ್ನು ಪೆಟ್ಟಿಗೆಯ ಹಿಂದಕ್ಕೂ ಇನ್ನೊಂದನ್ನು ಗೋಡೆಗೂ ಚುಚ್ಚಿದ. ಮೂರು ಪಿನ್ನುಗಳೂ ಸಲೀಸಾಗಿ ಒಳಗೆ ಹೋದವು. "ತಮಗೆ ಬೇಕಾದ್ದು ಇಂಥದ್ದೇ ಅಲ್ವಾ ಡಾಕ್ಟ್ರೇ? ಪಂಜರ ಸಮೇತ."

ಡಾಕ್ಟರು ಕುರ್ಚಿಗಾಗಿ ನೋಡಿದರು. ಮುದ್ರಕ ಎದ್ದು ಜಾಗ ಬಿಟ್ಟ. ಹಳೆಯ ವಾಲ್ವುಗಳು ಕೆಂಪಾದವು. ಗುಂಯ್ ಅನ್ನಲಿಲ್ಲ.

"ಮನೇಲಿ ಇಟ್ಕೊಂಡೋರು ನೀವು," ಎಂದರು ಡಾಕ್ಟರು, ಕುಳಿತಲ್ಲಿಂದಲೇ ಕತ್ತು ತಿರುಗಿಸಿ. "ನಿಜ ಹೇಳಿ. ಹೇಗಿತ್ತು? ಏನಾದ್ರೂ ತೊಂದರೆ?"

ಪಿಸುಗ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡುತ್ತಿದ್ದ. ಮುದ್ರಕನ ಕಡೆ ನೋಡಲೂ ಇಲ್ಲ. ಹೊಸ ಆಂಪ್ಲಿಫೈಯರನ್ನು ಆಗಲೇ ಕೆಲಸದವನೊಬ್ಬ ಡಬ್ಬಕ್ಕೆ ಇಳಿಸುತ್ತಿದ್ದ.

"ಗುಂಯ್ ಅನ್ನೋದೇ ಇಲ್ಲ ಸರ್," ಎಂದ ಮುದ್ರಕ. "ಪೂರ್ತಿ ನಿಶ್ಶಬ್ದ."

ಅದು ಸುಳ್ಳಲ್ಲ ಎಂದು ಬಾಗಿಲು ದಾಟುವಾಗ ತನಗೇ ಹೇಳಿಕೊಂಡ. ಪಿಸುಗ ತನ್ನ ಸ್ವಂತ ಕಾರಿನಲ್ಲೇ ಅವನನ್ನು ಮನೆಗೆ ಕಳಿಸಿಕೊಟ್ಟ. ಡಬ್ಬ ಅವನ ತೊಡೆಯ ಮೇಲೆ ಭಾರವಾಗಿ ಕುಳಿತಿತ್ತು. ಬಿಳಿ ಹಲ್ಲಿನ ಬೋರ್ಡು ಎದುರಾಯಿತು. ಒಳಗೆ ಹೋಗಿ ಕೌಂಟರಿನ ಹೆಂಗಸಿಗೆ ಒಂದು ಮಾತು ಹೇಳಿದರೂ ಸಾಕು, ನಿಮ್ಮ ಡಾಕ್ಟರಿಗೆ ಫೋನು ಮಾಡಿ, ಆ ತಂತಿ ಬಿಚ್ಚಿ ನೋಡಲಿ ಅಂತ. ಡ್ರೈವರಿಗೆ ನಿಲ್ಲಿಸಪ್ಪ ಎನ್ನಬೇಕು. ತೊಡೆಯ ಮೇಲಿನ ಡಬ್ಬ ಇಳಿಸಬೇಕು. ನಾಳೆ ಬಸ್ಸಿನಲ್ಲಿ ಬರುವಾಗ ಹೇಳಿದರಾಯಿತು. ಬಿಳಿ ಹಲ್ಲು ಹಿಂದೆ ಸರಿಯಿತು.

ಹೆಂಡತಿ ಡಬ್ಬ ನೋಡಿ ಬಾಗಿಲಲ್ಲೇ ನಿಂತಳು.

"ಬೈಯೋಕೆ ಹೋದೋನಿಗೆ ಹೊಸ ಪೆಟ್ಟಿಗೆ ಕೊಟ್ಟು, ಕಾರಲ್ಲಿ ಕಳಿಸ್ತಾನಾ?"

"ಹೆದರಿಕೊಂಡ ಕಣೇ."

"ಅವನು ಹೆದರೋ ಮನುಷ್ಯನ ಹಾಗೆ ಕಾಣಲ್ಲಪ್ಪ," ಎಂದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅವನು ಎಲ್ಲರೆದುರೇ ಹೊಸ ಪ್ಲಗ್ಗು ಬಿಚ್ಚಿ ಹಸಿರು ತಂತಿಯನ್ನು ತೋರಿಸಿದ. ಒದ್ದೆ ಬೆರಳಿನಿಂದ ತಾನೇ ಪಂಜರ ಮುಟ್ಟಿದ. ಏನೂ ಹರಿಯಲಿಲ್ಲ. ಅಮ್ಮ ಎಲ್ಲವನ್ನೂ ನೋಡಿ, ಹತ್ತಿರ ಬಾ ಎಂದು ಸನ್ನೆ ಮಾಡಿದಳು. ಅವನು ಮಂಚದ ಬಳಿ ಬಗ್ಗಿದ. ಅವಳು ಅವನ ಕಿವಿಯ ಹಾಲೆ ಹಿಡಿದುಕೊಂಡಳು. ಬೆರಳುಗಳು ಈಗ ಒಣಗಿದ ಕಡ್ಡಿಯ ಹಾಗಿದ್ದವು.

"ಗೊತ್ತಿಲ್ಲದೋರಿಗೆ ಹೇಳ್ದ್ಯಾ?"

"ಹೇಳ್ದೆ ಅಮ್ಮ."

ಅವಳು ಕಿವಿ ಬಿಟ್ಟಳು. ಅಂದು ಸಂಜೆ ಹಾಡು ಕೇಳುತ್ತ ಕುಳಿತಲ್ಲೇ ನಿದ್ದೆ ಹೋದಳು. ಪೆಟ್ಟಿಗೆ ನಿಶ್ಶಬ್ದವಾಗಿತ್ತು. ಮುದ್ರಕ ಎಷ್ಟು ಕಿವಿಗೊಟ್ಟರೂ ಗುಂಯ್ ಇರಲಿಲ್ಲ. ಆದರೂ ಅವನು ಕಿವಿಗೊಡುವುದನ್ನು ನಿಲ್ಲಿಸಲಿಲ್ಲ.

ನಾಳೆಗಳು ಬಂದವು. ಬಸ್ಸು ಬಿಳಿ ಹಲ್ಲಿನ ಬೋರ್ಡಿನ ಮುಂದೆ ದಿನವೂ ನಿಲ್ಲುತ್ತಿತ್ತು. ಅವನು ಆಚೆ ಬದಿಯ ಸೀಟಿನಲ್ಲಿ ಕೂರತೊಡಗಿದ.

ಮಳೆಗಾಲ ಶುರುವಾಗುವ ಹೊತ್ತಿಗೆ ಅಂಗಡಿಯ ಹೊಸ ಕ್ಯಾಟಲಾಗು ಅಚ್ಚಿಗೆ ಬಂತು. ಈ ಸಲ ಒಳಪುಟಗಳಲ್ಲಿ ಗ್ರಾಹಕರ ಮನೆಯ ಚಿತ್ರಗಳು. ಮಾದರಿ ಹಾಳೆಯನ್ನು ಮುದ್ರಕ ದೀಪದ ಕೆಳಗೆ ಹರಡಿದ. ಮರದ ನೆಲದ ವಿಶಾಲವಾದ ಕೋಣೆ, ಸೋಫಾದಲ್ಲಿ ನಗುತ್ತಿರುವ ಹಲ್ಲಿನ ಡಾಕ್ಟರು, ಅವರ ಪಕ್ಕ ಅವರ ಹೆಂಡತಿ. ಗಿಡ್ಡ ಸ್ಟ್ಯಾಂಡಿನ ಮೇಲೆ ಕಪ್ಪು ಪೆಟ್ಟಿಗೆ. ಅದರ ಹಿಂದಿನಿಂದ ಜಡೆಯಂತೆ ಹೆಣೆದ ತಂತಿ ಗೋಡೆಗೆ ಹೋಗಿತ್ತು. ಮುಂದೆ ನೆಲದ ಮೇಲೆ ಒಂದು ಮಗು, ಬೆನ್ನು ಕ್ಯಾಮೆರಾದ ಕಡೆಗೆ. ಒಂದು ಕೈ ನೆಲದ ಮೇಲೆ ಊರಿ, ಇನ್ನೊಂದನ್ನು ಕೆಂಪಗೆ ಹೊಳೆಯುವ ವಾಲ್ವುಗಳ ಕಡೆಗೆ ಚಾಚಿತ್ತು. ಬೆರಳು ಪಂಜರವನ್ನು ತಾಗಿದೆಯೋ ಇಲ್ಲವೋ ಚಿತ್ರದಲ್ಲಿ ತಿಳಿಯುವಂತಿರಲಿಲ್ಲ. ಅವನು ಭೂತಗನ್ನಡಿ ಹಿಡಿದು ನೋಡಿದ. ಅದರಲ್ಲಿ ಬರೀ ಬಣ್ಣದ ಚುಕ್ಕಿಗಳು ಕಂಡವು.

"ಹೆಂಗಿದೆ?" ಎಂದು ಮಾಲೀಕ ಯಂತ್ರದ ಸದ್ದಿನ ಮೇಲೆ ಕೂಗಿದ.

"ಕೆಂಪು ಸ್ವಲ್ಪ ಕಮ್ಮಿ," ಎಂದು ಮುದ್ರಕ ಕೂಗಿದ.

ಶಾಯಿಯ ತಿರುಪನ್ನು ಒಂದಿಷ್ಟು ತಿರುಗಿಸಿ ಇನ್ನೊಂದು ಹಾಳೆ ತೆಗೆದ. ಈಗ ಸರಿಯಾದ ಕೆಂಡದ ಬಣ್ಣ. ಮೂಲೆಯಲ್ಲಿ ಸಹಿ ಹಾಕಿ ಯಂತ್ರ ಓಡಿಸಿದ. ಹಾಳೆಗಳು ಒಂದರ ಮೇಲೊಂದು ಬಿದ್ದವು, ಪ್ರತಿಯೊಂದರಲ್ಲೂ ಆ ಮಗು ಕೈ ಚಾಚಿತ್ತು.

ಹಲ್ಲಿನ ಡಾಕ್ಟರಿಗೆ ಅವನು ಹೇಳಲಿಲ್ಲ. ಅಮ್ಮನಿಗೆ ಕೊಟ್ಟ ಮಾತು ಮುರಿಯಿತು.